ಹಾಲಿಗೂ ಹಾಳಿಗೂ ನಡುವೆ ಒಂದೇ ಅಕ್ಷರ

ಕಳೆದ ತಿಂಗಳು ಒಂದು ಸಂಜೆ, ರೋಗಿಗಳ ಸರದಿ ಮುಗಿಯುವ ಹೊತ್ತಿಗೆ, ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಎರಡು ವರದಿಗಳನ್ನು ಹಿಡಿದುಕೊಂಡು ಒಳಗೆ ಬಂದರು. ಒಂದು ಅವರ ಮಗಳದು. ಇನ್ನೊಂದು ಅವಳಿಗೆ ಗೊತ್ತು ಮಾಡಿದ್ದ ಹುಡುಗನದು. ಹುಡುಗ ಹೊರಗಿನವನಲ್ಲ, ಅವಳ ಸೋದರಮಾವನ ಮಗನೇ. ಹುಡುಗಿ ಕೆಲಸಕ್ಕೆ ಸೇರುವಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸ್ವಲ್ಪ ರಕ್ತಹೀನತೆ ಕಂಡಿತ್ತು. ಅದರ ಕಾರಣ ಹುಡುಕುತ್ತಾ ಹೋದಾಗ ಆಕೆ ಥಲಸ್ಸೀಮಿಯ ಎಂಬ ರಕ್ತದ ಕಾಯಿಲೆಯ ವಾಹಕಿ ಎಂದು ತಿಳಿಯಿತು. ಹುಡುಗನಿಗೂ ಪರೀಕ್ಷೆ ಮಾಡಿಸಿ ಎಂದು ನಾನೇ ಹೇಳಿದ್ದೆ. ಅವನೂ ವಾಹಕನೇ. ಇಬ್ಬರ ಡಿ.ಎನ್.ಎ. ವರದಿಯಲ್ಲೂ ಒಂದೇ ಮಾತು: ಒಂದು ಕಡೆ 'ಜಿ' ಇರಬೇಕಾದ ಜಾಗದಲ್ಲಿ 'ಸಿ' ಇದೆ.

ಮೇಷ್ಟ್ರು ಕುಳಿತವರೇ ಕೇಳಿದರು: "ಡಾಕ್ಟ್ರೇ, ಮನುಷ್ಯನ ಡಿ.ಎನ್.ಎ.ಯಲ್ಲಿ 300 ಕೋಟಿ ಅಕ್ಷರ ಇವೆ ಅಂತ ಓದಿದೆ. ಅದರಲ್ಲಿ ಒಂದೇ ಒಂದು ತಪ್ಪು. ನನ್ನ ಶಿಷ್ಯ ಯಾರಾದರೂ ಇಷ್ಟು ದೊಡ್ಡ ಲೆಕ್ಕದಲ್ಲಿ ಒಂದೇ ತಪ್ಪು ಮಾಡಿದ್ದರೆ ನೂರಕ್ಕೆ ನೂರು ಕೊಟ್ಟು ಕಳಿಸುತ್ತಿದ್ದೆ. ಇಷ್ಟಕ್ಕೇ ಮದುವೆ ನಿಲ್ಲಿಸಬೇಕೇ?"

ಓದುಗರೇ, ಈ ಪ್ರಶ್ನೆ ಮೇಷ್ಟ್ರೊಬ್ಬರದೇ ಅಲ್ಲ. ಡಿ.ಎನ್.ಎ. ಪರೀಕ್ಷೆಯ ವರದಿಗಳು ಈಗ ಸಾಮಾನ್ಯ ಮನೆಗಳಿಗೂ ಬರತೊಡಗಿವೆ. "ಇಷ್ಟು ಶೇಕಡಾ ಹೋಲಿಕೆ", "ಇಷ್ಟು ಕಡೆ ವ್ಯತ್ಯಾಸ" ಎಂಬ ಅಂಕಿಗಳನ್ನು ನೋಡಿ ಕೆಲವರು ಸುಮ್ಮನೆ ಹೆದರುತ್ತಾರೆ, ಕೆಲವರು ಹೆದರಬೇಕಾದಲ್ಲಿ ನಿಶ್ಚಿಂತರಾಗುತ್ತಾರೆ. ಆದ್ದರಿಂದ ಈ ವಾರ, ಎರಡು ಡಿ.ಎನ್.ಎ. ಬರಹಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಎಂದು ಅಳೆಯುವುದು ಹೇಗೆ, ಆ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಮಾತನಾಡೋಣ.

ನಾಲ್ಕು ಅಕ್ಷರದ ಪುಸ್ತಕ

ನಮ್ಮ ಪ್ರತಿ ಜೀವಕೋಶದಲ್ಲಿರುವ ಡಿ.ಎನ್.ಎ.ಯನ್ನು ಒಂದು ದೊಡ್ಡ ಪುಸ್ತಕವೆಂದು ತಿಳಿಯಿರಿ. ಕನ್ನಡದಲ್ಲಿ ಐವತ್ತರ ಆಸುಪಾಸು ಅಕ್ಷರಗಳಿದ್ದರೆ ಈ ಪುಸ್ತಕಕ್ಕೆ ನಾಲ್ಕೇ: ಎ, ಟಿ, ಜಿ, ಸಿ. ಮೂರು ಮೂರು ಅಕ್ಷರ ಸೇರಿ ಒಂದು ಪದ. ಒಂದೊಂದು ಪದವೂ ಒಂದೊಂದು ಅಮೈನೋ ಆಮ್ಲದ ಹೆಸರು. ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದರೆ ಪ್ರೋಟೀನು. ಇಂಥ ಪದಗಳು ಒಟ್ಟು 64. ಅವುಗಳಲ್ಲಿ 61 ಪದಗಳು 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರು 'ಇಲ್ಲಿಗೆ ಮುಗಿಯಿತು' ಎನ್ನುವ ಪೂರ್ಣವಿರಾಮಗಳು. ಈ ನಿಘಂಟನ್ನು ಬಿಡಿಸಿದವರಲ್ಲಿ ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋಬಿಂದ ಖೊರಾನ ಅವರೂ ಒಬ್ಬರು. ಅದಕ್ಕಾಗಿ 1968ರ ನೊಬೆಲ್ ಪ್ರಶಸ್ತಿಯನ್ನು ಅವರು ನಿರೆನ್‌ಬರ್ಗ್ ಮತ್ತು ಹಾಲಿಯವರೊಡನೆ ಹಂಚಿಕೊಂಡರು.

64 ಪದಗಳಿಗೆ 20 ಅರ್ಥ ಎಂದರೆ ಹಲವು ಪದಗಳಿಗೆ ಒಂದೇ ಅರ್ಥ ಎಂದಾಯಿತು. ನೀರು, ಜಲ ಎಂದ ಹಾಗೆ. ಈ ಧಾರಾಳತನ ನಮ್ಮನ್ನು ಎಷ್ಟೋ ತಪ್ಪುಗಳಿಂದ ಕಾಪಾಡಿದೆ. ಹೇಗೆ ಎಂಬುದನ್ನು ಮುಂದೆ ನೋಡೋಣ.

ಗಣಿತದವರ ಅಳತೆಗೋಲು

ಅಕ್ಷರದ ತಪ್ಪನ್ನು ಎಣಿಸುವ ಶಾಸ್ತ್ರ ಹುಟ್ಟಿದ್ದು ವೈದ್ಯರ ಮನೆಯಲ್ಲಲ್ಲ, ದೂರವಾಣಿಯವರ ಮನೆಯಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರಿದ್ದರು. ವಾರದ ಕೊನೆಯಲ್ಲಿ ಅವರು ಲೆಕ್ಕದ ಯಂತ್ರಕ್ಕೆ ಕೆಲಸ ಕೊಟ್ಟು ಹೋಗುವರು. ಸೋಮವಾರ ಬಂದು ನೋಡಿದರೆ, ಎಲ್ಲೋ ಒಂದು ತಪ್ಪು ಕಂಡಿತೆಂದು ಯಂತ್ರ ಆ ಕೆಲಸವನ್ನೇ ಕೈಬಿಟ್ಟಿರುತ್ತಿತ್ತು. ತಪ್ಪು ಇದೆ ಎಂದು ತಿಳಿಯುವ ಯಂತ್ರಕ್ಕೆ ತಪ್ಪು ಎಲ್ಲಿದೆ ಎಂದು ತಿಳಿದು ಸರಿಪಡಿಸಿಕೊಳ್ಳಲು ಏಕೆ ಆಗಬಾರದು ಎಂದು ಅವರು ಯೋಚಿಸಿದರು. 1950ರಲ್ಲಿ ಪ್ರಕಟವಾದ ಅವರ ಲೇಖನದಿಂದ ತಪ್ಪು ತಿದ್ದುವ ಸಂಕೇತಗಳ ಗಣಿತ ಬೆಳೆಯಿತು.

ಇದು ನಿಮಗೆ ದೂರದ ವಿಷಯವೆನಿಸಬಹುದು. ಆದರೆ ದಿನಸಿ ಅಂಗಡಿಯ ಗಲ್ಲಾದ ಮೇಲೆ ಅಂಟಿಸಿದ ಕ್ಯೂಆರ್ ಚೀಟಿ ಅರಿಶಿನದ ಕೈ ತಗುಲಿ ಅರ್ಧಂಬರ್ಧ ಮಸುಕಾದರೂ ನಿಮ್ಮ ಫೋನು ಅದನ್ನು ಓದುತ್ತದೆ, ಅಲ್ಲವೇ? ಅದು ಈ ಗಣಿತದ ಕೃಪೆ. ನಿಮ್ಮ ಆಧಾರ್ ಸಂಖ್ಯೆಯ ಕೊನೆಯ ಅಂಕಿ ಇರುವುದೂ, ಬರೆಯುವಾಗ ಒಂದು ಅಂಕಿ ತಪ್ಪಿದರೆ ಹಿಡಿಯಲಿಕ್ಕೆ.

ಹ್ಯಾಮಿಂಗ್ ಅವರ ಅಳತೆ ತೀರಾ ಸರಳ. ಒಂದೇ ಉದ್ದದ ಎರಡು ಬರಹಗಳನ್ನು ಒಂದರ ಕೆಳಗೊಂದು ಇಟ್ಟು, ಎಷ್ಟು ಜಾಗಗಳಲ್ಲಿ ಅಕ್ಷರ ಬೇರೆಯಾಗಿದೆ ಎಂದು ಎಣಿಸಿ. ಅದೇ ಅವುಗಳ ನಡುವಿನ 'ದೂರ'. ಹಾಲು, ಹಾಳು - ದೂರ ಒಂದು. ಕಾಲು, ಕಾಳು - ದೂರ ಒಂದು.

ಆದರೆ ಈ ಅಳತೆಗೊಂದು ಕೊರತೆಯಿದೆ. ಮೂರು ಮೂರು ಅಕ್ಷರದ ಪದಗಳಿಂದಾದ ಈ ವಾಕ್ಯವನ್ನು ನೋಡಿ:

ಕಮಲ ಮಗಳ ಬಳಿಗೆ ಬಂದಳು.

ಮೊದಲ ಅಕ್ಷರ 'ಕ'ವನ್ನು ತೆಗೆದು 'ವಿ' ಹಾಕಿದರೆ 'ವಿಮಲ ಮಗಳ ಬಳಿಗೆ ಬಂದಳು' ಎಂದಾಗುತ್ತದೆ. ಬಂದವಳು ಬೇರೆಯಾದಳು, ವಾಕ್ಯ ಕೆಡಲಿಲ್ಲ. ಈಗ ಮೂಲ ವಾಕ್ಯದ ಎರಡನೇ ಅಕ್ಷರ 'ಮ'ವನ್ನು ಬಿಟ್ಟುಬಿಡಿ, ಆದರೆ ಮೂರು ಮೂರು ಅಕ್ಷರವನ್ನೇ ಒಟ್ಟಿಗೆ ಓದಿ:

ಕಲಮ ಗಳಬ ಳಿಗೆಬಂ ದಳು.

ಒಂದು ಅಕ್ಷರ ಬಿದ್ದುಹೋದದ್ದಕ್ಕೆ ಇಡೀ ವಾಕ್ಯ ಹರಿದುಹೋಯಿತು. ಜಾಗ ಜಾಗ ನೋಡಿ ಎಣಿಸಿದರೆ 12 ಜಾಗಗಳಲ್ಲಿ ಮೊದಲನೆಯದು ಬಿಟ್ಟು ಉಳಿದ 11 ಹೊಂದುವುದಿಲ್ಲ. ನಿಜವಾಗಿ ಆದ ತಪ್ಪು ಮಾತ್ರ ಒಂದೇ. 1965ರಲ್ಲಿ ರಷ್ಯದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ ಇದಕ್ಕೆ ಸರಿಯಾದ ಅಳತೆಯನ್ನು ಕೊಟ್ಟರು. ಅಕ್ಷರ ಬದಲಿಸುವುದು, ಬಿಡುವುದು, ಸೇರಿಸುವುದು, ಇವುಗಳಲ್ಲಿ ಕನಿಷ್ಠ ಎಷ್ಟು ತಿದ್ದುಪಡಿಗಳಿಂದ ಒಂದು ಬರಹವನ್ನು ಇನ್ನೊಂದಾಗಿ ಮಾಡಬಹುದು? ಆ ಸಂಖ್ಯೆಯೇ ದೂರ. ಈ ಅಳತೆಯಲ್ಲಿ ನಮ್ಮ ಕಮಲಳ ವಾಕ್ಯದ ದೂರ ಮತ್ತೆ ಒಂದು.

1970ರಲ್ಲಿ ನೀಡಲ್‌ಮನ್ ಮತ್ತು ವುನ್ಷ್ ಎಂಬ ಇಬ್ಬರು, ಪ್ರೋಟೀನುಗಳ ಬರಹಗಳನ್ನು ನಡುನಡುವೆ ಖಾಲಿ ಜಾಗ ಬಿಟ್ಟು ಒಂದರ ಕೆಳಗೊಂದು ಹೊಂದಿಸುವ ವಿಧಾನ ಕೊಟ್ಟರು. ಹೊಂದಿದರೆ ಅಂಕ, ಹೊಂದದಿದ್ದರೆ ದಂಡ, ಜಾಗ ಬಿಟ್ಟರೂ ದಂಡ. ನಮ್ಮ ಪರೀಕ್ಷೆಗಳ ಋಣಾತ್ಮಕ ಅಂಕದ ಹಾಗೆ. 1990ರಲ್ಲಿ ಬಂದ 'ಬ್ಲಾಸ್ಟ್' ಎಂಬ ಕಂಪ್ಯೂಟರ್ ಕ್ರಮದಿಂದ, ಕೋಟ್ಯಂತರ ಅಕ್ಷರಗಳ ಭಂಡಾರದಲ್ಲಿ ಹೋಲಿಕೆ ಹುಡುಕುವುದು ಬಹಳ ಬೇಗ ಆಗತೊಡಗಿತು.

ಒಂದೇ ಪದ, ಮೂರು ಬಗೆಯ ತಪ್ಪು

ಈಗ ರಕ್ತಕ್ಕೆ ಬರೋಣ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್‌ನಲ್ಲಿ ಎರಡು ಬಗೆಯ ಸರಗಳಿವೆ. ಅವುಗಳಲ್ಲಿ ಬೀಟಾ ಎಂಬ ಸರದಲ್ಲಿ 146 ಅಮೈನೋ ಆಮ್ಲದ ಮಣಿಗಳು. ಅಂದರೆ ಅದನ್ನು ಹೇಳುವ ಡಿ.ಎನ್.ಎ. ಅಕ್ಷರಗಳು 438.

ಆರನೇ ಮಣಿಯನ್ನು ಹೇಳುವ ಪದ ಜಿ-ಎ-ಜಿ. ಅರ್ಥ, ಗ್ಲುಟಾಮಿಕ್ ಆಮ್ಲ. ಈ ಪದದಲ್ಲಿ ಒಂದೇ ಅಕ್ಷರ ಬದಲಾಗುವ ಮೂರು ರೀತಿಗಳನ್ನು ಗಮನಿಸಿ.

ಕೊನೆಯ ಅಕ್ಷರ ಬದಲಾಗಿ ಜಿ-ಎ-ಎ ಆದರೆ, ಅದರ ಅರ್ಥವೂ ಗ್ಲುಟಾಮಿಕ್ ಆಮ್ಲವೇ. ನೀರಿನ ಬದಲು ಜಲ ಎಂದಂತೆ. ಪ್ರೋಟೀನು ಬದಲಾಗುವುದಿಲ್ಲ.

ಮೊದಲ ಅಕ್ಷರ ಬದಲಾಗಿ ಎ-ಎ-ಜಿ ಆದರೆ, ಲೈಸಿನ್ ಬರುತ್ತದೆ. ಇದು ಪಶ್ಚಿಮ ಆಫ್ರಿಕದಲ್ಲಿ ಹೆಚ್ಚಾಗಿ ಕಾಣುವ ಹಿಮೋಗ್ಲೋಬಿನ್ ಸಿ. ತಂದೆತಾಯಿ ಇಬ್ಬರಿಂದಲೂ ಬಂದರೂ ಸಾಮಾನ್ಯವಾಗಿ ಸೌಮ್ಯವಾದ ರಕ್ತಹೀನತೆಯಷ್ಟೇ.

ನಡುವಿನ ಅಕ್ಷರ ಬದಲಾಗಿ ಜಿ-ಟಿ-ಜಿ ಆದರೆ, ವ್ಯಾಲಿನ್ ಬರುತ್ತದೆ. ಇದು ಕುಡುಗೋಲು ಕಣದ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ. ಇಬ್ಬರಿಂದಲೂ ಬಂದರೆ ಆಮ್ಲಜನಕ ಕಡಿಮೆಯಾದಾಗ ದುಂಡನೆಯ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೂಳೆ ಮುರಿದಂಥ ನೋವು, ಪದೇ ಪದೇ ಸೋಂಕು, ಮಕ್ಕಳಲ್ಲೂ ಪಾರ್ಶ್ವವಾಯು.

ಮೂರು ತಪ್ಪುಗಳಿಗೂ ಹ್ಯಾಮಿಂಗ್ ದೂರ ಒಂದೇ. ಮೂರರಲ್ಲೂ 438ಕ್ಕೆ 437 ಅಕ್ಷರ ಸರಿ, ಅಂದರೆ ಶೇಕಡಾ 99.8 ಹೋಲಿಕೆ. ಒಂದಕ್ಕೆ ಏನೂ ಆಗಲಿಲ್ಲ, ಒಂದಕ್ಕೆ ಸ್ವಲ್ಪ, ಒಂದಕ್ಕೆ ಜೀವನವಿಡೀ ನೋವು. ಎಷ್ಟು ತಪ್ಪು ಎಂಬುದನ್ನು ಗಣಿತ ಹೇಳಿತು. ಯಾವ ತಪ್ಪು, ಎಲ್ಲಿ ಎಂಬುದನ್ನು ದೇಹ ಹೇಳಬೇಕಾಯಿತು.

ಥಲಸ್ಸೀಮಿಯದ ಕತೆ ಇನ್ನೂ ವಿಚಿತ್ರ. ಇಲ್ಲಿ ಬೀಟಾ ಸರ ಸಾಕಷ್ಟು ತಯಾರಾಗುವುದೇ ಇಲ್ಲ. ನಮ್ಮ ದೇಶದಲ್ಲಿ ಕಾಣುವ ತಪ್ಪುಗಳಲ್ಲಿ ಒಂದು, 8 ಮತ್ತು 9ನೇ ಪದಗಳ ನಡುವೆ ಒಂದು 'ಜಿ' ಹೆಚ್ಚಾಗಿ ಸೇರಿಕೊಳ್ಳುವುದು. ಇನ್ನೊಂದು, 41-42ನೇ ಪದಗಳಲ್ಲಿ ನಾಲ್ಕು ಅಕ್ಷರ ಬಿದ್ದುಹೋಗುವುದು. ಎರಡೂ ನಮ್ಮ 'ಕಲಮ ಗಳಬ' ಮಾದರಿಯವು. ಅಲ್ಲಿಂದ ಮುಂದೆ ಓದು ಪೂರ್ತಿ ಹಳಿ ತಪ್ಪುತ್ತದೆ. ಆದರೆ ಭಾರತದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಪ್ರೋಟೀನು ಹೇಳುವ ಅಕ್ಷರಗಳಲ್ಲೇ ಇಲ್ಲ! ವಂಶವಾಹಿಯ ನಡುನಡುವೆ, ಓದುವ ಮೊದಲು ಕತ್ತರಿಸಿ ಬಿಸಾಡುವ ಭಾಗಗಳಿರುತ್ತವೆ. ಅಂಥ ಮೊದಲ ಭಾಗದ ಐದನೇ ಅಕ್ಷರ 'ಜಿ' ಹೋಗಿ 'ಸಿ' ಆಗುತ್ತದೆ, ಅಷ್ಟೇ. ದರ್ಜಿಗೆ ಬಟ್ಟೆಯ ಮೇಲೆ ಹಾಕಿಕೊಟ್ಟ ಸೀಮೆಸುಣ್ಣದ ಗುರುತು ಅಳಿಸಿದಂತೆ. ಬಟ್ಟೆ ಚೆನ್ನಾಗಿಯೇ ಇದೆ, ಕತ್ತರಿ ಮಾತ್ರ ತಪ್ಪು ಜಾಗದಲ್ಲಿ ಬೀಳುತ್ತದೆ. ಮೇಷ್ಟ್ರ ಮಗಳ ವರದಿಯಲ್ಲಿ ಇದ್ದದ್ದು ಇದೇ ಅಕ್ಷರ.

ಶೇಕಡಾ ಲೆಕ್ಕಕ್ಕೆ ಮರುಳಾಗಬೇಡಿ

ಯಾವುದೇ ಇಬ್ಬರು ಮನುಷ್ಯರ ಡಿ.ಎನ್.ಎ. ಶೇಕಡಾ 99.9ರಷ್ಟು ಒಂದೇ ಎಂಬ ಮಾತನ್ನು ನೀವು ಕೇಳಿರಬಹುದು. ಉಳಿದ 0.1 ಎಂದರೆ ಎಷ್ಟು? 300 ಕೋಟಿಯಲ್ಲಿ 30 ಲಕ್ಷ ಅಕ್ಷರ. ಅದರಲ್ಲಿ ಬಹುಪಾಲು ಯಾವ ತೊಂದರೆಯನ್ನೂ ಮಾಡುವುದಿಲ್ಲ.

ಚಿಂಪಾಂಜಿಗೂ ನಮಗೂ ಇರುವ ಹೋಲಿಕೆ ಎಷ್ಟು? 2005ರಲ್ಲಿ ಚಿಂಪಾಂಜಿಯ ಡಿ.ಎನ್.ಎ. ಓದಿ ಮುಗಿದಾಗ, ಅಕ್ಷರ ಬದಲಾದದ್ದನ್ನು ಮಾತ್ರ ಎಣಿಸಿದರೆ ವ್ಯತ್ಯಾಸ ಶೇಕಡಾ 1.2ರಷ್ಟು, ಬಿಟ್ಟುಹೋದ, ಸೇರಿಕೊಂಡ ಭಾಗಗಳನ್ನೂ ಎಣಿಸಿದರೆ ಸುಮಾರು 4 ಎಂದು ತಿಳಿಯಿತು. ಎರಡೂ ಸರಿಯಾದ ಲೆಕ್ಕಗಳೇ. ಅಳತೆಗೋಲು ಬೇರೆ, ಅಷ್ಟೇ. ಕೊರೊನಾ ಕಾಲದ ಮಾತು ನೆನಪಿಸಿಕೊಳ್ಳಿ. ಬಾವಲಿಯ ವೈರಸ್ಸೊಂದು 2020ರಲ್ಲಿ ಹರಡಿದ ವೈರಸ್ಸಿಗೆ ಶೇಕಡಾ 96ರಷ್ಟು ಹೋಲುತ್ತದೆ ಎಂದಾಗ, ಎರಡೂ ಒಂದೇ ಎಂಬಂತೆ ಜಗಳವಾಡಿದವರಿದ್ದರು. ಆ ವೈರಸ್ಸಿನ ಒಟ್ಟು ಬರಹ ಸುಮಾರು 30,000 ಅಕ್ಷರ. ಶೇಕಡಾ ನಾಲ್ಕು ಎಂದರೆ ಸಾವಿರಕ್ಕೂ ಹೆಚ್ಚು ತಪ್ಪು. ಎರಡೂ ಕವಲೊಡೆದು ಹಲವು ದಶಕಗಳಾಗಿರಬೇಕೆಂದು ವಿಜ್ಞಾನಿಗಳ ಅಂದಾಜು.

ಆದ್ದರಿಂದ ಯಾರೇ ನಿಮಗೆ ಹೋಲಿಕೆಯ ಶೇಕಡಾವನ್ನು ಹೇಳಿದರೆ ಮೂರು ಪ್ರಶ್ನೆ ಕೇಳಿ: ಏನನ್ನು ಎಣಿಸಿದ್ದೀರಿ? ವ್ಯತ್ಯಾಸ ಎಲ್ಲಿದೆ? ಅದರಿಂದ ದೇಹದಲ್ಲಿ ಏನಾಗುತ್ತದೆ?

ಇದು ಗಣಿತವನ್ನು ತೆಗಳುವ ಮಾತಲ್ಲ. 1983ರಲ್ಲಿ ಅಮೆರಿಕದ ರಸೆಲ್ ಡೂಲಿಟ್ಲ್ ಮತ್ತು ಅವರ ಸಂಗಡಿಗರು ಕಂಪ್ಯೂಟರಿನಲ್ಲಿ ಬರಹಗಳನ್ನು ಹೋಲಿಸುತ್ತಿದ್ದಾಗ, ಕೋತಿಗಳಲ್ಲಿ ಕ್ಯಾನ್ಸರ್ ತರುವ ವೈರಸ್ಸಿನ ಒಂದು ವಂಶವಾಹಿಗೂ, ಗಾಯ ಮಾಯುವಾಗ ಕೋಶಗಳನ್ನು ಬೆಳೆಸುವ ನಮ್ಮದೇ ಪ್ರೋಟೀನಿಗೂ ಹೋಲಿಕೆ ಇರುವುದು ಕಂಡಿತು. ಕ್ಯಾನ್ಸರ್ ಎಂದರೆ ದೇಹದ ಬೆಳವಣಿಗೆಯ ಸೂಚನೆಯೇ ದಾರಿ ತಪ್ಪಿದ್ದು ಎಂಬ ತಿಳಿವಳಿಕೆಗೆ ಅದು ದೊಡ್ಡ ಆಧಾರವಾಯಿತು. 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟ 'ಕ್ಯಾಸ್ಗೆವಿ' ಎಂಬ ಚಿಕಿತ್ಸೆಯಲ್ಲೂ ಇದೇ ಗಣಿತ ಬೇಕು. ಕುಡುಗೋಲು ಕಣ ಮತ್ತು ತೀವ್ರ ಥಲಸ್ಸೀಮಿಯ ಇರುವವರ ಕೋಶಗಳಲ್ಲಿ, 20 ಅಕ್ಷರದ ವಿಳಾಸ ಹಿಡಿದು ಹೋಗುವ ಕತ್ತರಿಯೊಂದು ಡಿ.ಎನ್.ಎ.ಯನ್ನು ಕತ್ತರಿಸಿ, ಶಿಶುವಾಗಿದ್ದಾಗ ಇದ್ದ ಹಿಮೋಗ್ಲೋಬಿನ್ನನ್ನು ಮತ್ತೆ ಎಬ್ಬಿಸುತ್ತದೆ. ಆ ವಿಳಾಸಕ್ಕೆ ಒಂದೆರಡು ಅಕ್ಷರ ಮಾತ್ರ ಬೇರೆಯಾದ ಇನ್ನೊಂದು ಜಾಗ 300 ಕೋಟಿ ಅಕ್ಷರಗಳಲ್ಲಿ ಎಲ್ಲಿಯಾದರೂ ಇದ್ದರೆ, ಕತ್ತರಿ ಅಲ್ಲೂ ಬಿದ್ದೀತು. ಅದನ್ನು ಮೊದಲೇ ಹುಡುಕಿ ನೋಡುವುದು ಈ ದೂರದ ಲೆಕ್ಕದಿಂದಲೇ. ಆದರೆ ಅಮೆರಿಕದಲ್ಲಿ ಈ ಚಿಕಿತ್ಸೆಯ ನಿಗದಿತ ಬೆಲೆ 22 ಲಕ್ಷ ಡಾಲರು. ನಮ್ಮ ಸಾಮಾನ್ಯ ಕುಟುಂಬಗಳಿಗೆ ಸದ್ಯಕ್ಕೆ ಅದು ಆಕಾಶದ ಮಲ್ಲಿಗೆ. ನಮ್ಮ ಕೈಗೆ ಎಟಕುವುದು ತಡೆಗಟ್ಟುವ ದಾರಿ.

ನನ್ನದೇ ಒಂದು ತಪ್ಪು

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಸುಮಾರು ಹದಿನೈದು ವರ್ಷಗಳ ಹಿಂದೆ, ಮೂರು ತಿಂಗಳ ಬಸುರಿಯೊಬ್ಬಳು ಸುಸ್ತೆಂದು ಬಂದಳು. ಹಿಮೋಗ್ಲೋಬಿನ್ ಒಂಬತ್ತೂವರೆ. ನಮ್ಮ ಹೆಣ್ಣುಮಕ್ಕಳಲ್ಲಿ ಇದು ಸಾಮಾನ್ಯ ಎಂದುಕೊಂಡು ಕಬ್ಬಿಣದ ಮಾತ್ರೆ ಬರೆದುಕೊಟ್ಟೆ. ಎರಡು ತಿಂಗಳಾದರೂ ಏರಲಿಲ್ಲ. ಮಾತ್ರೆ ಸರಿಯಾಗಿ ನುಂಗುತ್ತಿಲ್ಲವೆಂದು ಅವಳನ್ನೇ ಗದರಿದೆ. "ಇಲ್ಲ ಸಾರ್, ದಿನಾ ನುಂಗ್ತಿದೀನಿ" ಎಂದು ಅವಳು ಕಣ್ಣೀರು ಹಾಕಿದಳು. ಕೆಂಪು ಕಣಗಳ ಗಾತ್ರ ಬಹಳ ಸಣ್ಣದು, ಆದರೆ ಸಂಖ್ಯೆ ಹೆಚ್ಚು ಎಂದು ಅದೇ ವರದಿಯ ಕೆಳಗಿನ ಸಾಲುಗಳಲ್ಲಿ ಇತ್ತು. ಕಬ್ಬಿಣದ ಕೊರತೆಯಲ್ಲಿ ಸಾಮಾನ್ಯವಾಗಿ ಸಂಖ್ಯೆಯೂ ಕುಗ್ಗುತ್ತದೆ. ಸಣ್ಣ ಕಣ, ಹೆಚ್ಚು ಸಂಖ್ಯೆ ಎಂದರೆ ಥಲಸ್ಸೀಮಿಯ ವಾಹಕರಿರಬಹುದು ಎಂದು ಅನುಮಾನಿಸಬೇಕಿತ್ತು. ನಾನು ಆ ಸಾಲುಗಳನ್ನು ಓದಲೇ ಇಲ್ಲ.

ಮಗು ಎಂಟು ತಿಂಗಳಾಗುವಷ್ಟರಲ್ಲಿ ಬಿಳಿಚಿಕೊಂಡು, ಗುಲ್ಮ ಊದಿಕೊಂಡು ಬಂತು. ತಂದೆಗೂ ತಾಯಿಗೂ ಪರೀಕ್ಷೆ ಮಾಡಿಸಿದರೆ ಇಬ್ಬರೂ ವಾಹಕರು. ಆ ಹುಡುಗ ಇಂದು ಹೈಸ್ಕೂಲಿಗೆ ಹೋಗುತ್ತಾನೆ, ಚುರುಕಾಗಿ ಓದುತ್ತಾನೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕು. ಹಾಕಿದ ರಕ್ತದಿಂದ ದೇಹದಲ್ಲಿ ಸೇರುವ ಕಬ್ಬಿಣವನ್ನು ಹೊರಹಾಕಲು ದಿನವೂ ಮಾತ್ರೆ ಬೇಕು. ರಕ್ತ ಹಾಕಿಸುವ ದಿನ ತಂದೆಗೆ ಕೂಲಿಯಿಲ್ಲ. ಈ ಅಂಕಣದಲ್ಲಿ ನಾನು ಏನನ್ನಾದರೂ ಒತ್ತಿ ಹೇಳುತ್ತಿದ್ದರೆ ಅದಕ್ಕೆ ಈ ಹುಡುಗನೂ ಕಾರಣ.

ಮನೆಯವರು ತಿಳಿಯಬೇಕಾದದ್ದು

ಭಾರತದಲ್ಲಿ ನೂರಕ್ಕೆ ಮೂರರಿಂದ ನಾಲ್ಕು ಜನ ಬೀಟಾ ಥಲಸ್ಸೀಮಿಯದ ವಾಹಕರೆಂದೂ, ವರ್ಷಕ್ಕೆ ಹತ್ತರಿಂದ ಹದಿನೈದು ಸಾವಿರ ಮಕ್ಕಳು ತೀವ್ರ ಕಾಯಿಲೆಯೊಡನೆ ಹುಟ್ಟುತ್ತಾರೆಂದೂ ಸರ್ಕಾರದ ಅಂದಾಜು. ಕುಡುಗೋಲು ಕಣ ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 1952ರಲ್ಲಿ, ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ. ಮೈಸೂರು, ಚಾಮರಾಜನಗರ, ಕೊಡಗು ಕಡೆಯ ಗಿರಿಜನರಲ್ಲೂ ಅದು ಇದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. 2047ರ ಹೊತ್ತಿಗೆ ಇದನ್ನು ನಿವಾರಿಸುವುದು ಅದರ ಗುರಿ.

ವಾಹಕ ಎಂದರೆ ರೋಗಿಯಲ್ಲ. ಪ್ರತಿ ವಂಶವಾಹಿಗೂ ನಮ್ಮಲ್ಲಿ ಎರಡು ಪ್ರತಿಗಳಿವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದರಲ್ಲಿ ತಪ್ಪಿದ್ದರೆ ಇನ್ನೊಂದು ಕೆಲಸ ನಡೆಸುತ್ತದೆ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ತಪ್ಪು ಪ್ರತಿಗಳು ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿತು, ಇನ್ನು ಮೂರಕ್ಕೆ ಬರುವುದಿಲ್ಲ ಎಂದು ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಅದು ತಪ್ಪು. ಪ್ರತಿ ಸಲವೂ ಹೊಸದಾಗಿ ಕವಡೆ ಬಿಟ್ಟಂತೆ.

ಇಲ್ಲಿ ನಮ್ಮ ದಕ್ಷಿಣದವರು ನೆನಪಿಡಬೇಕಾದ ಇನ್ನೊಂದು ಹೋಲಿಕೆ ಇದೆ. ಅಕ್ಕನ ಮಗಳನ್ನು ಮದುವೆಯಾಗುವುದು, ಸೋದರತ್ತೆ ಸೋದರಮಾವನ ಮಕ್ಕಳಲ್ಲಿ ಸಂಬಂಧ ಬೆಳೆಸುವುದು ನಮ್ಮಲ್ಲಿ ಹಳೆಯ ರೂಢಿ. ಮಾವ ಮತ್ತು ಸೊಸೆಯ ನಡುವೆ ಒಂದೇ ಹಿರಿಯರಿಂದ ಬಂದ ಪಾಲು ಸರಾಸರಿ ನಾಲ್ಕರಲ್ಲೊಂದು, ಅತ್ತೆ-ಮಾವನ ಮಕ್ಕಳ ನಡುವೆ ಎಂಟರಲ್ಲೊಂದು. ಅಜ್ಜನ ಪುಸ್ತಕದಲ್ಲಿದ್ದ ಅಕ್ಷರ ತಪ್ಪು ಇಬ್ಬರ ಪ್ರತಿಯಲ್ಲೂ ಇಳಿದು ಬಂದಿರುವ ಸಂಭವ ಹೆಚ್ಚು. ಮನೆತನ ಹೊಂದಿದೆ, ಜಾತಕ ಹೊಂದಿದೆ ಎಂದು ಸಂತೋಷಪಡುವಲ್ಲಿಯೇ ಈ ಹೊಂದಿಕೆ ಬೇಡವಾಗಿತ್ತು ಎನ್ನಬೇಕಾಗುತ್ತದೆ.

ಹಾಗಾದರೆ ಎಲ್ಲರೂ ಡಿ.ಎನ್.ಎ. ಪರೀಕ್ಷೆಗೆ ಓಡಬೇಕೇ? ಬೇಡ. ಮೊದಲು ಸಾಮಾನ್ಯ ರಕ್ತ ಎಣಿಕೆ. ಅದರ ಜೊತೆಗೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್.ಪಿ.ಎಲ್.ಸಿ. ಪರೀಕ್ಷೆ. ಅದರಲ್ಲಿ 'ಎ2' ಎಂಬ ಅಂಶ ಶೇಕಡಾ ಮೂರೂವರೆಗಿಂತ ಹೆಚ್ಚಿದ್ದರೆ ಥಲಸ್ಸೀಮಿಯ ವಾಹಕರೆಂದು ಅನುಮಾನಿಸುತ್ತೇವೆ. ಕುಡುಗೋಲು ಕಣವೂ ಅದರಲ್ಲೇ ಕಾಣುತ್ತದೆ. ಕಬ್ಬಿಣದ ಕೊರತೆಯೂ ಇದ್ದರೆ ಎ2 ಕೊಂಚ ಕಡಿಮೆ ತೋರಿಸಬಹುದು, ಆಗ ಕೊರತೆ ಸರಿಪಡಿಸಿ ಮತ್ತೊಮ್ಮೆ ನೋಡಬೇಕು. ವಾಹಕರಿಗೂ ಕಬ್ಬಿಣದ ಕೊರತೆ ಬರಬಹುದು. ಆದ್ದರಿಂದ ಬರೆದುಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಜೀವಮಾನದಲ್ಲಿ ಒಮ್ಮೆ ಈ ಪರೀಕ್ಷೆ ಮಾಡಿಸಿದರೆ ಸಾಕು. ಮದುವೆಗೆ ಮೊದಲು ಮಾಡಿಸುವುದು ಉತ್ತಮ. ತಪ್ಪಿದರೆ ಬಸಿರಿನ ಮೊದಲ ತಿಂಗಳುಗಳಲ್ಲಿ. ಇಬ್ಬರೂ ವಾಹಕರೆಂದು ತಿಳಿದಾಗ ಮಾತ್ರ ಡಿ.ಎನ್.ಎ. ಪರೀಕ್ಷೆಯ ಅಗತ್ಯ. ಆ ಅಕ್ಷರ ಯಾವುದೆಂದು ಗೊತ್ತಿದ್ದರೆ ಬಸಿರಿನ 10ರಿಂದ 13ನೇ ವಾರದ ಹೊತ್ತಿಗೆ ಮಾಸಿನ ಚೂರು ತೆಗೆದು, ಮಗುವಿಗೆ ಅದು ಬಂದಿದೆಯೇ ಎಂದು ನೋಡಲು ಸಾಧ್ಯ.

ನನ್ನ ಅಭಿಪ್ರಾಯ ಕೇಳಿದರೆ, ಬಸುರಿಯರಿಗೆ ರಕ್ತದ ಗುಂಪು ನೋಡುವಷ್ಟೇ ಸಹಜವಾಗಿ ಈ ಎ2 ಪರೀಕ್ಷೆಯನ್ನೂ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಬೇಕು. ಮಗು ಹುಟ್ಟಿದ ಮೇಲೆ ಜೀವಮಾನವಿಡೀ ರಕ್ತ ಹೊಂದಿಸುವುದಕ್ಕಿಂತ ಇದು ಅಗ್ಗ, ಇದು ಮಾನವೀಯ. ಇನ್ನೊಂದು ಮಾತು. ವರದಿ ಬಂದೊಡನೆ "ನಿಮ್ಮ ಮನೆಯ ಹೆಣ್ಣಿನಿಂದ ಬಂತು" ಎಂದು ದೂರುವುದನ್ನು ನಿಲ್ಲಿಸಿ. ಎರಡು ಪ್ರತಿ ಸೇರದೆ ಈ ಕಾಯಿಲೆ ಬರುವುದಿಲ್ಲ. ಅವುಗಳಲ್ಲಿ ಒಂದು ಗಂಡಿನದು.

ಅನುಮಾನದ ಅಕ್ಷರಗಳು

ಕೆಲವು ವರದಿಗಳಲ್ಲಿ 'ಅರ್ಥ ಖಚಿತವಿಲ್ಲದ ವ್ಯತ್ಯಾಸ' ಎಂಬ ಮಾತು ಇರುತ್ತದೆ. 2015ರಲ್ಲಿ ಅಮೆರಿಕದ ತಜ್ಞರು ಡಿ.ಎನ್.ಎ. ವ್ಯತ್ಯಾಸಗಳನ್ನು ಐದು ಗುಂಪು ಮಾಡಿದರು. ರೋಗಕಾರಕ, ಬಹುಶಃ ರೋಗಕಾರಕ, ಖಚಿತವಿಲ್ಲ, ಬಹುಶಃ ನಿರುಪದ್ರವಿ, ನಿರುಪದ್ರವಿ. ನಡುವಿನದು ಬಂದರೆ ಅದನ್ನು ರೋಗವೆಂದು ಓದಬೇಡಿ. ಆ ಅಕ್ಷರವನ್ನು ಇದುವರೆಗೆ ಸಾಕಷ್ಟು ಜನರಲ್ಲಿ ನೋಡಿಲ್ಲ ಎಂದಷ್ಟೇ ಅದರ ಅರ್ಥ. ನಮ್ಮವರಿಗೆ ಇಂಥ ಉತ್ತರ ಬರಲು ಒಂದು ಕಾರಣ, ಹೋಲಿಸಿ ನೋಡುವ ಭಂಡಾರಗಳಲ್ಲಿ ಹೆಚ್ಚಿನವು ಯುರೋಪಿನ ಮೂಲದವರ ಬರಹಗಳಾಗಿರುವುದು. ಈ ಕೊರತೆ ನೀಗಲೆಂದೇ 2020ರಲ್ಲಿ ಆರಂಭವಾದ 'ಜೀನೋಮ್ ಇಂಡಿಯಾ' ಯೋಜನೆ, ದೇಶದ ನಾನಾ ಸಮುದಾಯಗಳ 10,000 ಜನರ ಡಿ.ಎನ್.ಎ. ಓದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಅದರ ಮುಂದಾಳು. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ಹೋಲಿಸಲು ನಮ್ಮದೇ ಪುಸ್ತಕಗಳಿದ್ದರೆ ಅನುಮಾನಗಳು ಕಡಿಮೆಯಾಗುತ್ತವೆ.

ಮಗುವಿನ ಎಂಜಲು ಕಳಿಸಿ, ಅದು ಗಣಿತದಲ್ಲಿ ಮುಂದೆಯೋ ಕ್ರೀಡೆಯಲ್ಲಿ ಮುಂದೆಯೋ ಹೇಳುತ್ತೇವೆ ಎನ್ನುವ ಜಾಹೀರಾತುಗಳಿಗೆ ಮಾತ್ರ ದುಡ್ಡು ಹಾಕಬೇಡಿ. ಅಂಥ ಗುಣಗಳು ಒಂದೆರಡು ಅಕ್ಷರದಲ್ಲಿ ಬರೆದಿಟ್ಟವಲ್ಲ. ಆ ಹಣದಲ್ಲಿ ಮನೆಯವರೆಲ್ಲರಿಗೂ ರಕ್ತ ಎಣಿಕೆ ಮಾಡಿಸಿ.

ಮೇಷ್ಟ್ರಿಗೆ ಹೇಳಿದ್ದು

ನಾನು ಮೇಷ್ಟ್ರಿಗೆ ಮದುವೆ ನಿಲ್ಲಿಸಿ ಎಂದು ಹೇಳಲಿಲ್ಲ. ಆ ಮಾತು ಹೇಳುವುದು ವೈದ್ಯನ ಕೆಲಸವಲ್ಲ. ಒಂದು ಚೀಟಿಯ ಮೇಲೆ 'ಹಾಲು' ಎಂದು ಬರೆದು, ಅದರ ಕೆಳಗೆ 'ಹಾಳು' ಎಂದು ಬರೆದೆ. "ಮೇಷ್ಟ್ರೇ, ಇದರಲ್ಲಿ ಎಷ್ಟು ಅಕ್ಷರ ತಪ್ಪಿದೆ ಅಂತ ನೀವು ಕೇಳ್ತಿದೀರಿ. ಕುಡಿಯೋ ಮಗುವಿಗೆ ಏನಾಗುತ್ತೆ ಅಂತ ನಾನು ನೋಡಬೇಕು" ಎಂದೆ. ಅವರು ಆ ಚೀಟಿಯನ್ನು ಬಹಳ ಹೊತ್ತು ನೋಡಿದರು. ಮರುದಿನ ಹುಡುಗ ಹುಡುಗಿಯನ್ನು ಒಟ್ಟಿಗೆ ಕಳಿಸಿಕೊಡಿ ಎಂದು ಕೇಳಿಕೊಂಡೆ.

ಅವರು ಬಂದರು. ಮುಕ್ಕಾಲು ಗಂಟೆ ಕುಳಿತು ಎಲ್ಲವನ್ನೂ ಕೇಳಿದರು. ನಾಲ್ಕರಲ್ಲಿ ಒಂದು ಎಂದರೇನು, ಬಸಿರಿನಲ್ಲಿ ಪರೀಕ್ಷೆ ಯಾವಾಗ, ಫಲಿತಾಂಶ ಬಂದಮೇಲೆ ಮುಂದೇನು ಎಂದು ಹುಡುಗಿಯೇ ಹೆಚ್ಚು ಪ್ರಶ್ನೆ ಕೇಳಿದಳು. ದೊಡ್ಡ ಆಸ್ಪತ್ರೆಯ ಅನುವಂಶೀಯ ಸಲಹೆಗಾರರ ಬಳಿ ಹೋಗಿ ಇನ್ನೂ ವಿವರವಾಗಿ ಮಾತನಾಡುವುದೆಂದು ಇಬ್ಬರೂ ಒಪ್ಪಿದರು. ಅವರು ಏನು ನಿರ್ಧರಿಸಿದರೂ ತಿಳಿದು ನಿರ್ಧರಿಸುತ್ತಾರೆ. ನನ್ನ ಹಳೆಯ ರೋಗಿ, ಆ ಬಸುರಿ ಹೆಣ್ಣುಮಗಳಿಗೆ, ಆ ಅವಕಾಶವನ್ನು ನಾನು ಕೊಟ್ಟಿರಲಿಲ್ಲ.

ನಿಮ್ಮ ಮನೆಯಲ್ಲಿ ಈ ವರ್ಷ ಮದುವೆಯ ಮಾತುಕತೆ ನಡೆಯುತ್ತಿದೆಯೇ? ಛತ್ರ ಗೊತ್ತು ಮಾಡುವ ಮೊದಲು ಒಂದು ಚಮಚೆಯಷ್ಟು ರಕ್ತ ಕೊಟ್ಟು ಬನ್ನಿ. ವರದಿ ಬಂದಾಗ ಮೇಲಿನ ಸಾಲಿನ ಹಿಮೋಗ್ಲೋಬಿನ್ ಸಂಖ್ಯೆ ನೋಡಿ ಮಡಚಿಡಬೇಡಿ. ಕೆಳಗಿನ ಸಾಲುಗಳನ್ನೂ ಓದಿ ಎಂದು ನಿಮ್ಮ ವೈದ್ಯರನ್ನು ಕೇಳಿ. ಅವರು ಬೇಸರಪಟ್ಟುಕೊಂಡರೂ ಚಿಂತೆಯಿಲ್ಲ, ಕೇಳಿ.